ಕಣ್ಣು ಕಿತ್ತಿಟ್ಟ ಜಾವಾ

ಹೆಡ್‌ಲೈಟೇ ಇಲ್ಲದ ಮೋಟಾರ್ ಸೈಕಲ್ ನೋಡಿದ್ದೀರಾ? ಒಡೆದುಹೋದದ್ದಲ್ಲ, ಬೇಕೆಂದೇ ಕಿತ್ತು ತೆಗೆದದ್ದು. ಮಣ್ಣಿನ ಟ್ರ್ಯಾಕಿನಲ್ಲಿ ಓಡುವ ಬೈಕುಗಳು ಹಾಗೇ ಇರುತ್ತವೆ. ರೇಸು ನಡೆಯುವುದು ಹಗಲಿನಲ್ಲಿ, ಬಿದ್ದರೆ ಮೊದಲು ಒಡೆಯುವುದು ಗಾಜು, ಸುಮ್ಮನೆ ಭಾರ ಬೇರೆ. 1964ರಲ್ಲಿ ಬೆಲ್ಜಿಯಂನ ಜೋಯಲ್ ರೋಬೆರ್ 250 ಸಿಸಿ ಮೋಟೋಕ್ರಾಸ್ ವಿಶ್ವ ಚಾಂಪಿಯನ್ ಆದದ್ದು ಚೆಕೊಸ್ಲೊವಾಕಿಯದ ಸಿಝೆಡ್ ಬೈಕಿನ ಮೇಲೆ. ಅದಕ್ಕೆಲ್ಲಿಯ ದೀಪ! ಆದರೆ ಅದೇ ದೇಶದ ಜಾವಾ ಬೈಕುಗಳು ಆರು ದಿನಗಳ ಅಂತರರಾಷ್ಟ್ರೀಯ ಟ್ರಯಲ್ ಸ್ಪರ್ಧೆಗೆ ಹೋಗುವಾಗ ದೀಪ, ಹಾರ್ನು ಕಟ್ಟಿಕೊಂಡೇ ಹೋಗುತ್ತಿದ್ದವು. ಆ ದಾರಿ ಕಾಡು ಗುಡ್ಡದ ನಡುನಡುವೆ ಜನ ಓಡಾಡುವ ರಸ್ತೆಗೂ ಇಳಿಯುತ್ತಿತ್ತು.

ಇಷ್ಟು ಪೀಠಿಕೆ ಯಾಕೆಂದರೆ, ನಮ್ಮ ಹೂಟಗಳ್ಳಿಯ ಬಡಾವಣೆಯಲ್ಲೂ ಅಂಥದೊಂದು ಕಣ್ಣಿಲ್ಲದ ಜಾವಾ ಇದೆ. ಮೈಸೂರಿನವರಿಗೆ ಜಾವಾ ಬಗ್ಗೆ ಹೇಳಬೇಕಿಲ್ಲ. 1961ರಿಂದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗುತ್ತಿತ್ತು, 1973ರ ಹೊತ್ತಿಗೆ ಹೆಸರು ಯೆಜ್ಡಿ ಆಯಿತು, 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ನನ್ನ ಗೆಳೆಯರೊಬ್ಬರು ಅಲ್ಲಿ ಕೆಲಸಕ್ಕಿದ್ದವರು. ಬಡಾವಣೆಯ ಮಕ್ಕಳಿಗೆಲ್ಲ ಅವರು 'ಜಾವಾ ತಾತ'. 1969ರ ಜಾವಾ ಒಂದನ್ನು ಹಳೆಯದಾಗಿ ಕೊಂಡು, ಡೂಮು ಕಳಚಿ, ಗೋಟು ಟಯರು ಹಾಕಿ, ಸೈಲೆನ್ಸರನ್ನು ಮೇಲಕ್ಕೆತ್ತಿ ಕಟ್ಟಿ, ಪ್ರಾಯದಲ್ಲಿ ಮಣ್ಣಿನ ರೇಸಿಗೆ ಇಳಿಯುತ್ತಿದ್ದರು. ಹೋದ ವರ್ಷ ತೀರಿಕೊಂಡರು.

ಗುಜರಿಯವನು ಎರಡು ಸಲ ಬಂದು ಬೆಲೆ ಕೇಳಿ ಹೋದ. ಮೊಮ್ಮಗ ಒಪ್ಪಲಿಲ್ಲ. ಇಲ್ಲೇ ಕೈಗಾರಿಕಾ ಪ್ರದೇಶದಲ್ಲಿ ಅವನಿಗೆ ಕೆಲಸ. ಎರಡನೇ ಪಾಳಿ ಮುಗಿಸಿ ಬರುವಾಗ ರಾತ್ರಿ ಹತ್ತು ದಾಟಿರುತ್ತದೆ. "ತಾತನ ಗಾಡಿಯಲ್ಲೇ ಹೋಗಿ ಬರ್ತೀನಿ" ಎಂದು ಹಟ. ಅವನ ಅಜ್ಜಿ ನನ್ನನ್ನು ಕರೆಸಿ, "ಅಣ್ಣಾ, ರಿಂಗ್ ರೋಡಿನಲ್ಲಿ ಲಾರಿಗಳು ಹೇಗೆ ಬರ್ತವೆ ನೀವೇ ನೋಡಿದ್ದೀರಿ. ಇದು ಹಿಂದಿನಿಂದ ಕಾಣೋ ಹಾಗಿದ್ರೆ ಇರಲಿ, ಇಲ್ಲದಿದ್ರೆ ನಾಳೆಯೇ ಗುಜರಿಗೆ" ಅಂದರು. ಮೊಮ್ಮಗನ ಯೋಚನೆಯೆಲ್ಲ ಮುಂದಿನ ದೀಪದ ಮೇಲಿತ್ತು, ಅಜ್ಜಿಯದು ಹಿಂದಿನದರ ಮೇಲೆ. ನನ್ನ ವೋಟು ಅಜ್ಜಿಗೆ.

ಡೂಮು ಅಟ್ಟದ ಮೇಲೆ ಹಳೇ ಬೆಡ್‌ಶೀಟಿನಲ್ಲಿ ಸುತ್ತಿಟ್ಟದ್ದು ಸಿಕ್ಕಿತು. ಜಾವಾದ ಡೂಮು ಬರೀ ದೀಪವಲ್ಲ, ಸ್ಪೀಡೋಮೀಟರು, ಬೀಗದ ಸ್ವಿಚ್ಚು ಎಲ್ಲ ಅದರೊಳಗೇ. ಗೆಳೆಯರು ಅದನ್ನು ಬಿಸಾಡದೆ ಇಟ್ಟಿದ್ದರಿಂದ ಅರ್ಧ ಕೆಲಸ ಉಳಿಯಿತು.

ಮೊಮ್ಮಗನಿಗೆ ಬೇಕಿದ್ದದ್ದು ಈಗ ಎಲ್ಲ ಅಂಗಡಿಯಲ್ಲೂ ಸಿಗುವ ಕಣ್ಣು ಕುಕ್ಕುವ ಬಿಳಿ ಎಲ್‌ಇಡಿ ಪಟ್ಟಿ. ನಾನು ಒಂದು ಹಾಳೆ ತೆಗೆದುಕೊಂಡು ಲೆಕ್ಕಕ್ಕೆ ಕೂತೆ. ಲೆಡ್ಜರ್ ಬರೆದ ಕೈ, ಸುಮ್ಮನಿರುವುದಿಲ್ಲ. ಜಾವಾದ ಡೈನಮೋ 6 ವೋಲ್ಟಿನದು, ದುಡಿಮೆ 45 ವಾಟ್. ಇದು ಜಮಾ. ಹೆಡ್‌ಲೈಟು 35, ಹಿಂದಿನ ದೀಪ 5, ಸ್ಪೀಡೋಮೀಟರಿನ ಪುಟ್ಟ ಬಲ್ಬು ಒಂದೆರಡು. ಇಲ್ಲಿಗೇ ನಲವತ್ತೊಂದು ನಲವತ್ತೆರಡು ಖರ್ಚಾಯಿತು. ಕಿಡಿ ಹುಟ್ಟಿಸುವ ಕಾಯಿಲ್‌ಗೂ ಇದರಲ್ಲೇ ಪಾಲು ಕೊಡಬೇಕು. ಬ್ರೇಕ್ ತುಳಿದರೆ ಇನ್ನೊಂದು 18 ವಾಟ್. ಸಂಬಳಕ್ಕಿಂತ ಖರ್ಚು ಹೆಚ್ಚು, ಮಿಕ್ಕಿದ್ದನ್ನು ಬ್ಯಾಟರಿ ಎಂಬ ಉಳಿತಾಯ ಖಾತೆಯಿಂದ ತೆಗೆಯಬೇಕು. ಅದೂ ಇಂಜಿನ್ ಜೋರಾಗಿ ತಿರುಗುವಾಗ ಮಾತ್ರ ಈ ಸಂಬಳ. ಸಿಗ್ನಲ್‌ನಲ್ಲಿ ನಿಂತಾಗ ಡೈನಮೋದಿಂದ ಬರುವುದು ಸೊನ್ನೆಗೆ ಹತ್ತಿರ. ಹಳೇ ಜಾವಾ ಓಡಿಸಿದವರಿಗೆ ನಿಂತಲ್ಲಿ ದೀಪ ಮಂಕಾಗುವುದು ಚೆನ್ನಾಗಿ ನೆನಪಿರುತ್ತದೆ.

ಹಾಗಾಗಿ ಖರ್ಚು ಕಡಿಮೆ ಮಾಡಿದ್ದು ಹಿಂದಿನ ದೀಪದಲ್ಲಿ. 6 ವೋಲ್ಟಿನ ಕೆಂಪು ಎಲ್‌ಇಡಿ ಹಾಕಿಸಿದೆವು. ಒಂದು ವಾಟಿನೊಳಗೆ ಉರಿಯುತ್ತದೆ, ಬ್ರೇಕಿನದು ಎರಡೋ ಮೂರೋ. ಎಲ್‌ಇಡಿಗೆ ಪ್ಲಸ್ಸು ಮೈನಸ್ಸು ಅದಲುಬದಲಾದರೆ ಉರಿಯುವುದೇ ಇಲ್ಲ, ಅದೊಂದು ಗಮನವಿರಬೇಕು. ಕೆಂಪು ಎಲ್‌ಇಡಿ ಒಂದೇ ಇದ್ದರೆ ಕಾನೂನಿಗೆ ಸಾಲದು. ನಂಬರ್ ಪ್ಲೇಟಿನ ಮೇಲೆ ಬಿಳಿ ಬೆಳಕು ಬೀಳಲೇಬೇಕು. ಅದಕ್ಕೆ ಬೇರೆ ಪುಟ್ಟ ಬಿಳಿ ದೀಪ. ಕರೆಂಟೇ ಬೇಡದ ಕೆಂಪು ರಿಫ್ಲೆಕ್ಟರನ್ನೂ ಮರೆಯಲಿಲ್ಲ. ಬ್ಯಾಟರಿ ಸತ್ತರೂ ಹಿಂದಿನ ಲಾರಿಯ ಬೆಳಕಿಗೆ ಅದು ಹೊಳೆಯುತ್ತದೆ. ಇಷ್ಟು ಕೇಳಿದ ಮೇಲೆ ಅಜ್ಜಿಯ ಮುಖ ಸ್ವಲ್ಪ ಸಡಿಲವಾಯಿತು.

ಇದನ್ನೆಲ್ಲ ಕೂರಿಸುವ ಜಾಗವೇ ಕಷ್ಟ. ಮಣ್ಣಿನ ಬೈಕಿನ ಹಿಂದಿನ ಮಡ್‌ಗಾರ್ಡು ಬಾಲದ ಹಾಗೆ ಚಾಚಿಕೊಂಡು ಸದಾ ಅಲುಗುತ್ತಿರುತ್ತದೆ. ಅದರ ತುದಿಗೆ ದೀಪ ಕಟ್ಟಿದರೆ ಅಲುಗಿ ಅಲುಗಿ ವೈರು ಒಳಗೇ ತುಂಡಾಗುತ್ತದೆ, ಹೊರಗಿನ ಪ್ಲಾಸ್ಟಿಕ್ ಮಾತ್ರ ಚೆನ್ನಾಗಿರುತ್ತದೆ. ಮೆಕ್ಯಾನಿಕ್ ಚಾಸಿಯಿಂದಲೇ ಒಂದು ಕಬ್ಬಿಣದ ಪಟ್ಟಿ ಎಳೆದು, ನಡುವೆ ರಬ್ಬರ್ ವಾಷರ್ ಕೊಟ್ಟು ಕೂರಿಸಿದ.

ಮುಂದಿನದಕ್ಕೆ ಹಳೇ ಡೂಮು, 6 ವೋಲ್ಟಿನ 35/35 ವಾಟ್ ಬಲ್ಬು. ಎಲ್‌ಇಡಿ ಯಾಕೆ ಬೇಡ ಎಂದರೆ, ಹಳೇ ರಿಫ್ಲೆಕ್ಟರು ತಂತಿ ಉರಿಯುವ ಜಾಗಕ್ಕೆ ಅಳತೆ ಮಾಡಿ ಮಾಡಿದ್ದು. ಬೇರೆ ಜಾಗದಿಂದ ಬೆಳಕು ಹೊರಟರೆ ರಸ್ತೆಗೆ ಬೀಳದೆ ಎದುರಿಗೆ ಬರುವವರ ಕಣ್ಣಿಗೆ ಚೆಲ್ಲುತ್ತದೆ. ಹಳೇ ಬಲ್ಬು ಮಂಕು ಎಂಬ ದೂರಿನಲ್ಲಿ ಬಲ್ಬಿಗಿಂತ ವೈರಿನ ಪಾಲೇ ಹೆಚ್ಚು. 6 ವೋಲ್ಟಿನಲ್ಲಿ 35 ವಾಟ್ ಎಂದರೆ ಸುಮಾರು 6 ಆಂಪಿಯರ್. 12 ವೋಲ್ಟಿನ ಗಾಡಿಗೆ ಅದರ ಅರ್ಧ ಸಾಕು. ಸಪೂರ ವೈರು, ತುಕ್ಕು ಹಿಡಿದ ಸ್ವಿಚ್ಚು, ಪೇಂಟಿನ ಮೇಲೆ ಬಿಗಿದ ಅರ್ತ್ ಸೇರಿ ಅರ್ಧ ವೋಲ್ಟ್ ನುಂಗಿದರೂ ಬೆಳಕು ಸುಮಾರು ಕಾಲು ಭಾಗ ಇಳಿಯುತ್ತದೆ. ದಪ್ಪ ವೈರು, ಒಂದು ರಿಲೇ, ಬ್ಯಾಟರಿಗೇ ನೇರ ಅರ್ತ್ ಕೊಡಿಸಿದೆವು. ಬಲ್ಬು ಅದೇ, ಹುಡುಗ ಮಾತ್ರ ಎಲ್‌ಇಡಿ ಪಟ್ಟಿಯ ಮಾತು ಬಿಟ್ಟ.

ಇನ್ನು ದೀಪದ ಮೂತಿ ತಿರುಗಿಸುವ ಕೆಲಸ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 106ನೆಯದು ಇದಕ್ಕೇ ಇದೆ. ದೀಪದಿಂದ 8 ಮೀಟರ್ ಮುಂದೆ, ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣಿರುವವರಿಗೆ ಬೆಳಕು ಕೋರೈಸಬಾರದು. ಮಕ್ಕಳೇ, ಇದನ್ನು ನಿಮ್ಮ ಮನೆಯ ಸ್ಕೂಟರಿನಲ್ಲೂ ನೋಡಬಹುದು, ದೊಡ್ಡವರನ್ನು ಜೊತೆಗಿಟ್ಟುಕೊಳ್ಳಿ. ಟೇಪು ಹಿಡಿದದ್ದು ನನ್ನ ಮೊಮ್ಮಗಳು, ಸೀಮೆಸುಣ್ಣದ ಗುರುತೂ ಅವಳದೇ. ನನ್ನದು ಐದೂವರೆ ಅಡಿ, ಕಣ್ಣು ಸುಮಾರು ಒಂದೂವರೆ ಮೀಟರಿನಲ್ಲಿರುವುದರಿಂದ ಗುರುತಿನ ಮೇಲೆ ನಾನೇ ನಿಂತೆ. ಗಾಡಿಯ ಮೇಲೆ ಸವಾರ ಕೂತೇ ಅಳೆಯಬೇಕು. ಭಾರಕ್ಕೆ ಹಿಂಭಾಗ ತಗ್ಗಿ ದೀಪ ಮೇಲೆ ನೋಡುತ್ತದೆ. ಮಣ್ಣಿನ ಬೈಕುಗಳ ಸ್ಪ್ರಿಂಗ್ ಮೆತ್ತಗಿದ್ದರೆ ಇನ್ನೂ ಜಾಸ್ತಿ. ಮೂರು ಸಲ ಬೋಲ್ಟು ಸಡಿಲಿಸಿ ಬಿಗಿದ ಮೇಲೆ ಡಿಮ್‌ನಲ್ಲಿ ನನ್ನ ಕಣ್ಣಿಗೆ ನೆಮ್ಮದಿಯಾಯಿತು.

ಕಾಗದದ ಕೆಲಸ ನನ್ನ ಪಾಲಿನದು. 2021ರಲ್ಲಿ ಬಂದ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಯನ್ನು 'ವಿಂಟೇಜ್' ಎಂದು ನೋಂದಾಯಿಸಬಹುದು, ನಂಬರಿನಲ್ಲಿ 'ವಿಎ' ಅಕ್ಷರ ಬರುತ್ತದೆ. ಕೇಳಲು ಗತ್ತಾಗಿದೆ. ಆದರೆ ಅಂಥ ಗಾಡಿಯನ್ನು ಪ್ರದರ್ಶನ, ರ‍್ಯಾಲಿಗಳಿಗೆ ಒಯ್ಯಬಹುದೇ ಹೊರತು ದಿನಾ ಪಾಳಿಗೆ ಹೋಗುವಂತಿಲ್ಲ. ಇವನಿಗೆ ಬೇಕಿರುವುದು ದಿನದ ಓಡಾಟ. ಆದ್ದರಿಂದ ಮಾಮೂಲು ದಾರಿಯೇ ಸರಿ: ತೀರಿಕೊಂಡವರ ಹೆಸರಿನಿಂದ ವಾರಸುದಾರರಿಗೆ ವರ್ಗಾಯಿಸಲು ಫಾರಂ 31, ನೋಂದಣಿ ನವೀಕರಣಕ್ಕೆ ಫಾರಂ 25. ನವೀಕರಣವಾದರೆ ಐದು ವರ್ಷಕ್ಕೆ. ತಡವಾದದ್ದಕ್ಕೆ ದಂಡ ಬೇರೆ ಕಟ್ಟಬೇಕು. ಗಾಡಿ ಅಜ್ಜಿಯ ಹೆಸರಿಗೇ ಆಗಲಿ ಎಂದು ಮೊಮ್ಮಗನೇ ಹೇಳಿದ. ಅಜ್ಜಿ ಮೂರು ಕಡೆ ಸಹಿ ಹಾಕಿದರು, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿದ್ದ ಹಾಗೇ, ಒಂದಕ್ಷರ ಆಚೀಚೆ ಆಗದಂತೆ.

ಆರ್‌ಟಿಒ ತಪಾಸಣೆ ಬರುವ ವಾರ. ಅಲ್ಲಿಯವರೆಗೆ ಗಾಡಿ ರಸ್ತೆಗಿಳಿಯುವಂತಿಲ್ಲ ಎಂದು ಬೀಗದ ಕೈಯನ್ನು ಅಜ್ಜಿ ಸೆರಗಿಗೆ ಕಟ್ಟಿಕೊಂಡಿದ್ದಾರೆ. ನಿನ್ನೆ ಸಂಜೆ ಕಾಂಪೌಂಡಿನೊಳಗೇ ನಿಲ್ಲಿಸಿ, ಮೊಮ್ಮಗನಿಗೆ ಬ್ರೇಕ್ ತುಳಿಯಲು ಹೇಳಿ, ಗೇಟಿನಾಚೆ ಬೀದಿಯ ಕೊನೆಯವರೆಗೂ ನಡೆದುಹೋಗಿ ತಿರುಗಿ ನೋಡಿದರು. "ಇನ್ನೊಂದು ಸಲ ತುಳಿಯೋ" ಎಂದು ಅಲ್ಲಿಂದಲೇ ಕೂಗಿದರು.