ನರಗುಂದದ ಬಾಬಾಸಾಹೇಬರು ಭಯೋತ್ಪಾದಕರೇ?

(ಅಂತಿಮ ಬಿ.ಎ. ವಿದ್ಯಾರ್ಥಿ, ಸವಡಿ)

ಈ ವರ್ಷ ಇತಿಹಾಸದ ತರಗತಿಯಲ್ಲಿ ಸಹಪಾಠಿಯೊಬ್ಬರು, "ಸರಕಾರದ ಅಧಿಕಾರಿಯನ್ನು ರಾತ್ರಿಯಲ್ಲಿ ಕೊಂದವರನ್ನು ಇಂದು ನಾವು ಭಯೋತ್ಪಾದಕರೆನ್ನುತ್ತೇವೆ. ಬಾಬಾಸಾಹೇಬರನ್ನು ಮಾತ್ರ ವೀರರೆನ್ನುವುದೇಕೆ?" ಎಂದು ಕೇಳಿದರು. ಹಲವರು ಸಿಟ್ಟಾದರು, ನಾನೂ ಸಿಟ್ಟಾದೆನು. ಆದರೆ ಸಿಟ್ಟು ಪ್ರಶ್ನೆಗೆ ಉತ್ತರವಾಗಲಾರದು.

ನಮ್ಮ ರೋಣ ತಾಲೂಕಿನ ನೆರೆಯ ನರಗುಂದದಲ್ಲಿ ನಡೆದುದಿಷ್ಟು. ಅಲ್ಲಿಯ ಸಂಸ್ಥಾನಿಕರಾದ ಬಾಬಾಸಾಹೇಬ ಭಾವೆಯವರಿಗೆ ಗಂಡುಸಂತಾನವಿರಲಿಲ್ಲ. ದತ್ತಕ ತೆಗೆದುಕೊಳ್ಳಲು ಇಂಗ್ಲಿಷರು ಒಪ್ಪಿಗೆ ಕೊಡಲಿಲ್ಲ. 1858ನೆಯ ಇಸವಿ ಮೇ 29ರ ರಾತ್ರಿ, ಸುರೇಬಾನದಲ್ಲಿ ಬೀಡುಬಿಟ್ಟಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ನರಗುಂದದವರು ಕೊಂದರು. ಅವನ ರುಂಡವನ್ನು ನರಗುಂದದ ಬಾಗಿಲಿಗೆ ತೂಗುಹಾಕಿದರು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬರಿಗೆ ಗಲ್ಲಾಯಿತು.

ಭಯೋತ್ಪಾದನೆಯೆಂದರೇನು? ಜಗಳಕ್ಕೆ ಸಂಬಂಧಪಡದ, ಕೈಯಲ್ಲಿ ಆಯುಧವಿಲ್ಲದ ಜನರನ್ನು ಹಿಂಸಿಸಿ, ಉಳಿದವರಲ್ಲಿ ಹೆದರಿಕೆ ಹುಟ್ಟಿಸಿ ತನ್ನ ಕಾರ್ಯ ಸಾಧಿಸುವುದೆಂದು ನಾನು ತಿಳಿದಿದ್ದೇನೆ. ಮ್ಯಾನ್ಸನ್ ದಾರಿಹೋಕನಲ್ಲ, ಈ ಭಾಗದಲ್ಲಿ ಆಳುವವರ ಕೈಯೇ ಆಗಿದ್ದನು. ಆದ್ದರಿಂದ ಅವನ ವಧೆ ಬಂಡಾಯವೇ ಹೊರತು ಭಯೋತ್ಪಾದನೆಯಲ್ಲ.

ಆದರೆ ರುಂಡದ ಮಾತು ಬೇರೆ. ಚಿಕ್ಕಂದಿನಲ್ಲಿ ಸವಡಿಯ ಹಿರಿಯರು ಈ ಕಥೆ ಹೇಳುವಾಗ, ರುಂಡ ತೂಗುಹಾಕಿದ ಸಂಗತಿ ಬಂದೊಡನೆ ಹುಡುಗರಾದ ನಾವು ಚಪ್ಪಾಳೆ ತಟ್ಟುತ್ತಿದ್ದೆವು. ಈಗ ವಿಚಾರ ಮಾಡಿದರೆ, ಅದನ್ನು ತೂಗುಹಾಕಿದ್ದು ಸತ್ತವನಿಗಾಗಿ ಅಲ್ಲ, ನೋಡುವವರು ಹೆದರಲೆಂದು ಎನಿಸುತ್ತದೆ. ಇದನ್ನು ಒಪ್ಪಿಕೊಳ್ಳಲು ನನಗೆ ಕಷ್ಟವಾಯಿತು.

ಅದೇ ಅಳತೆಗೋಲನ್ನು ಇಂಗ್ಲಿಷರಿಗೂ ಹಿಡಿಯೋಣ. ಆಯುಧ ಒಪ್ಪಿಸಲಾರೆವೆಂದು ಬಂಡೆದ್ದ ಹಲಗಲಿಯ ಬೇಡರ ಊರನ್ನು 1857ರ ಕೊನೆಯಲ್ಲಿ ಅವರು ಸುಟ್ಟರು. 19 ಜನರನ್ನು ಬಹಿರಂಗವಾಗಿ ಗಲ್ಲಿಗೇರಿಸಿದರು. ಅದೂ ನೋಡುವವರನ್ನು ಹೆದರಿಸಲೆಂದೇ ಅಲ್ಲವೇ? ಊರನ್ನು ಸುಟ್ಟಾಗ ಹೆಂಗಸರು ಮಕ್ಕಳೆಂಬ ಭೇದವೆಲ್ಲಿ ಉಳಿದೀತು? ಆದರೂ ಅದಕ್ಕೆ ಅವರು ಕೊಟ್ಟ ಹೆಸರು ಕಾಯದೆ.

ಹೆಸರಿಡುವ ಅಧಿಕಾರ ಯಾವಾಗಲೂ ಗೆದ್ದವರದು. ಅಂದು ಬಾಬಾಸಾಹೇಬರನ್ನು ಅಪರಾಧಿಯೆಂದು ಗಲ್ಲಿಗೇರಿಸಿದರು. ಸ್ವತಂತ್ರರಾದ ಮೇಲೆ ನಾವು ವೀರರೆಂದು ಸ್ಮರಿಸಿದೆವು. ಇತಿಹಾಸದ ವಿದ್ಯಾರ್ಥಿಯಾದವನು ಈ ಎರಡೂ ಹೆಸರುಗಳನ್ನು ಬದಿಗಿಟ್ಟು, ಯಾರಿಗೆ ಪೆಟ್ಟು ಬಿತ್ತು, ಏತಕ್ಕಾಗಿ ಬಿತ್ತು ಎಂದು ಒಂದೊಂದು ಕೃತ್ಯವನ್ನೂ ತೂಗಿ ನೋಡಬೇಕು. ಹಾಗೆ ನೋಡಿದರೆ ನಮ್ಮ ಹಿರಿಯರ ಮೇಲಿನ ಗೌರವ ಕುಂದುವುದಿಲ್ಲ.

ನನ್ನ ಸಹಪಾಠಿಗೆ ನನ್ನ ಉತ್ತರವಿಷ್ಟೇ: ನರಗುಂದದ ಗುಡ್ಡಕ್ಕೆ ನಾನು ಇಂದಿಗೂ ಕೈಮುಗಿಯುತ್ತೇನೆ, ಆ ರುಂಡಕ್ಕೆ ಮಾತ್ರ ಚಪ್ಪಾಳೆ ತಟ್ಟಲಾರೆ.