ಪ್ರಾರ್ಥನೆಯ ಮುಸುಕು

ಕ್ರೈಸ್ತ ದೇವಾಲಯಗಳಲ್ಲಿ ಪ್ರಾರ್ಥನಾಕಾಲಕ್ಕೆ ಸ್ತ್ರೀಯರು ತಲೆಯ ಮೇಲೆ ವಸ್ತ್ರವನ್ನು ಹೊದೆಯುವ ವಾಡಿಕೆಯು ಬಲು ಹಳೆಯದು. ರಷ್ಯಾದೇಶದ ಮುದುಕಿಯ ಚೌಕವಸ್ತ್ರ, ಸ್ಪೇನಿನ ಜಾಲರಿಯ ಮಂತಿಲ್ಲಾ, ಅಮೇರಿಕದ ಆಮಿಶ್ ಪಂಗಡದವರ ಬಿಳಿಯ ಟೊಪ್ಪಿಗೆ, ನಮ್ಮ ಮಂಗಳೂರಿನ ಇಗರ್ಜಿಗಳಲ್ಲಿ ಹಿರಿಯ ಹೆಂಗಸರು ತಲೆಯ ಮೇಲೆ ಎಳೆದುಕೊಳ್ಳುವ ಸೀರೆಯ ಸೆರಗು, ಇವೆಲ್ಲಕ್ಕೂ ಆಧಾರವಾಗಿ ತೋರಿಸುವ ವಾಕ್ಯವು ಒಂದೇ. (ಧಾರವಾಡದ ಕಡೆಯ ನಮ್ಮ ಹೆಂಗಸರೂ ಹಿರಿಯರ ಮುಂದೆ ಸೆರಗು ಹೊದೆಯುವರು, ಅದಕ್ಕೆ ಯಾವ ಗ್ರಂಥದ ಆಧಾರವನ್ನೂ ಅವರು ಕೇಳಿದವರಲ್ಲ.) ಸ್ತ್ರೀಯು ಸಭೆಯಲ್ಲಿ ಬಾಯಿ ಮುಚ್ಚಿಕೊಂಡು ಅಡಗಿರಬೇಕೆಂಬದರ ಗುರುತೇ ಈ ಮುಸುಕು ಎಂದು ಬಹುಜನರು ತಿಳಿದಿರುವರು. ಆ ವಾಕ್ಯವನ್ನು ನಿಧಾನವಾಗಿ ಓದಿ ನೋಡಿದರೆ ನಮಗೆ ಹಾಗೆ ತೋರುವದಿಲ್ಲ.

ವಾಕ್ಯವಿರುವದು ಸಂತ ಪೌಲನು ಕೊರಿಂಥದ ಸಭೆಗೆ ಬರೆದ ಮೊದಲನೆಯ ಪತ್ರಿಕೆಯ 11ನೆಯ ಅಧ್ಯಾಯದಲ್ಲಿ, ಕಾಲವು ಕ್ರಿ. ಶ. ಮೊದಲನೆಯ ಶತಮಾನದ ಮಧ್ಯಭಾಗ. ಕೊರಿಂಥವು ಗ್ರೀಕರ ನೆಲದಲ್ಲಿದ್ದರೂ, ಕ್ರಿ. ಪೂ. 44ರಲ್ಲಿ ಜೂಲಿಯಸ್ ಸೀಸರನು ರೋಮನರ ವಸಾಹತಾಗಿ ಮತ್ತೆ ನಿಲ್ಲಿಸಿದ ಪಟ್ಟಣ. ರೋಮನರಲ್ಲಿ ಬಲಿಯನ್ನರ್ಪಿಸುವಾಗ ಗಂಡಸರೇ ಉಡುಪಿನ ಅಂಚನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದರು. ಹಾಗೆ ತಲೆ ಮುಚ್ಚಿಕೊಂಡ ಔಗುಸ್ತ ಚಕ್ರವರ್ತಿಯ ಪ್ರತಿಮೆಯೊಂದು ಆ ಊರಿನ ಅವಶೇಷಗಳಲ್ಲಿಯೇ ದೊರೆತಿದೆ. ಪೌಲನು ಗಂಡಸಿಗೆ ಅದು ಬೇಡವೆಂದನು, ಹೆಂಗಸಿಗೆ ಬೇಕೆಂದನು. ಏಕೆಂಬದರ ಮೇಲೆ ವಿದ್ವಾಂಸರ ಜಗಳವು ಇನ್ನೂ ಮುಗಿದಿಲ್ಲವಾದಕಾರಣ ನಾವು ಅದರೊಳಗೆ ಇಳಿಯುವದಿಲ್ಲ.

ನಮಗೆ ಬೇಕಾದದ್ದು ಆತನ ವಾಕ್ಯದ ರಚನೆ. ಪ್ರಾರ್ಥಿಸುವಾಗಲೂ ಪ್ರವಾದಿಸುವಾಗಲೂ ಸ್ತ್ರೀಯ ತಲೆಯು ಮುಚ್ಚಿರಬೇಕೆಂಬದು ಅದರ ತಾತ್ಪರ್ಯ. ನಮ್ಮ ಮೀಮಾಂಸಕರು ಯಾವ ವಾಕ್ಯದಲ್ಲಿಯಾದರೂ ಉದ್ದೇಶ್ಯವಾವುದು, ವಿಧೇಯವಾವುದು ಎಂಬದನ್ನು ಮೊದಲು ಬಿಡಿಸಿಕೊಳ್ಳುವರು. ತಾಯಿಯು ಮಗುವಿಗೆ ‘ಕೈ ತೊಳೆದುಕೊಂಡು ಉಣ್ಣು’ ಎಂದರೆ ಊಟವು ಮೊದಲೇ ಒಪ್ಪಿದ ಸಂಗತಿ. ಆಕೆ ವಿಧಿಸಿದ್ದು ಕೈ ತೊಳೆಯುವದನ್ನು. ಮಗುವಿನ ಕೈಯನ್ನು ತಿಕ್ಕಿ ತಿಕ್ಕಿ ತೊಳೆಯಿಸಿ ಅನ್ನವನ್ನೇ ಇಕ್ಕದೆ ಎಬ್ಬಿಸಿ ಕಳುಹಿಸಿದರೆ ತಾಯಿಯ ಮಾತನ್ನು ನಡಸಿದಂತಾಯಿತೇ? ಇಲ್ಲಿಯೂ ಸ್ತ್ರೀಯು ಪ್ರಾರ್ಥಿಸುವಳು, ಪ್ರವಾದಿಸುವಳು ಎಂಬದು ಪೌಲನಿಗೆ ಸಿದ್ಧವಾದ ವಿಷಯ. ವಸ್ತ್ರವು ಅದರ ಮೇಲಣ ನಿಯಮ. ಪ್ರವಾದನೆಯಾದರೋ ಮೌನವಾಗಿ ಮಾಡತಕ್ಕ ಕೆಲಸವಲ್ಲ. ಅದೇ ಕೊರಿಂಥದಲ್ಲಿ ಪೌಲನು ಅಕ್ವಿಲ, ಪ್ರಿಸ್ಕಿಲ್ಲ ಎಂಬ ದಂಪತಿಗಳ ಮನೆಯಲ್ಲಿದ್ದು ಗುಡಾರದ ಕಸಬನ್ನು ಮಾಡಿದನು. ಆ ಪ್ರಿಸ್ಕಿಲ್ಲಳು ಮುಂದೆ ಎಫೆಸದಲ್ಲಿ ಗಂಡನೊಡಗೂಡಿ ಅಪೊಲ್ಲೋಸನೆಂಬ ಪಂಡಿತನಿಗೆ, ಅವನು ವಾಗ್ಮಿಯಾಗಿದ್ದರೂ, ಪಾಠ ಹೇಳಿದಳು. ಉಪಾಧ್ಯಾಯರಾಗಿದ್ದ ನಮಗೆ ಈ ಕಥೆಯು ಬಹಳ ಪ್ರಿಯ.

ಇನ್ನೊಂದು ಶಬ್ದವನ್ನೂ ನೋಡಬೇಕು. 10ನೆಯ ವಚನದಲ್ಲಿ ಸ್ತ್ರೀಯ ತಲೆಯ ಮೇಲೆ ಇರತಕ್ಕದ್ದು ‘ಎಕ್ಸೂಸಿಯ’ ಎಂದು ಗ್ರೀಕ್ ಮೂಲವು ಹೇಳುತ್ತದೆ. ಅದಕ್ಕೆ ಅಧಿಕಾರವೆಂದು ಅರ್ಥ. 1611ರ ಇಂಗ್ಲಿಷ್ ಭಾಷಾಂತರದ ಪಾಠವು ಆ ಅರ್ಥವನ್ನು ಉಳಿಸಿಕೊಂಡಿತು. 1952ರ ಇನ್ನೊಂದು ಭಾಷಾಂತರವು ಆ ಜಾಗದಲ್ಲಿ ಮುಸುಕೆಂದೇ ಬರೆದುಬಿಟ್ಟಿತು. ಅಧಿಕಾರವು ಗಂಡನದೆಂದು ವ್ಯಾಖ್ಯಾನಿಸಿದವರುಂಟು, ಅವಳದೇ ಎಂಬವರೂ ಉಂಟು. ಮಾತನಾಡುವವಳು ಅವಳಾದ್ದರಿಂದ ಎರಡನೆಯದೇ ನಮಗೆ ಸಮಂಜಸವೆನಿಸುತ್ತದೆ.

ಪುರುಷನು ಸ್ತ್ರೀಗೆ ತಲೆಯೆಂದು ಪೌಲನ ಪತ್ರಿಕೆಯಲ್ಲಿ ಇರುವದು ನಿಜ. 14ನೆಯ ಅಧ್ಯಾಯದಲ್ಲಿ ಸ್ತ್ರೀಯರು ಸಭೆಗಳಲ್ಲಿ ಮೌನವಾಗಿರಲೆಂದು ಇರುವದೂ ನಿಜ. ಅವನ್ನು ಮುಚ್ಚಿಡುವದು ನ್ಯಾಯವಲ್ಲ. ಆದರೆ ಮುಂದಿನವರು ಮಾಡಿದ್ದೇನು? ಆ ಮೌನವನ್ನೂ ಈ ಬಟ್ಟೆಯನ್ನೂ ಜೋಡಿಸಿಕೊಂಡು, ನಡುವಣ ಮಾತನ್ನು ಕೈಬಿಟ್ಟರು. ಮೂರನೆಯ ಶತಮಾನದ ಆದಿಯಲ್ಲಿ ಕಾರ್ಥೇಜಿನ ತೆರ್ತುಲ್ಲಿಯನನು ಕನ್ಯೆಯರೂ ಮುಸುಕು ಹಾಕಬೇಕೆಂದು ಒಂದು ಗ್ರಂಥವನ್ನೇ ರಚಿಸಿದನು. ಸ್ತ್ರೀಗೆ ಸಭೆಯಲ್ಲಿ ಮಾತನಾಡಲು, ಬೋಧಿಸಲು ಅಪ್ಪಣೆಯಿಲ್ಲವೆಂಬದೂ ಆ ಗ್ರಂಥದಲ್ಲಿಯೇ ಇದೆ.

ಕ್ಯಾಥೊಲಿಕರ 1917ರ ಧರ್ಮಸಂಹಿತೆಯು 1262ನೆಯ ಸೂತ್ರದಲ್ಲಿ ಈ ವಸ್ತ್ರವನ್ನು ವಿಧಿಸಿತ್ತು. ಅಮೇರಿಕದಲ್ಲಿ ಮುಸುಕು ಮರೆತು ಬಂದವರು ಕೈವಸ್ತ್ರವನ್ನೋ ತೆಳುಕಾಗದದ ತುಂಡನ್ನೋ ತಲೆಗೆ ಚುಚ್ಚಿಕೊಂಡು ಒಳಗೆ ಹೋಗುತ್ತಿದ್ದರಂತೆ. ಸ್ತ್ರೀಯರ ತಲೆಯ ವಿಷಯದಲ್ಲಿ ಪೌಲನು ದೇವದೂತರನ್ನೂ ನೆನೆದಿದ್ದಾನೆ. ಆ ಕಾಗದವನ್ನು ಕಂಡು ಅವರು ಏನೆಂದುಕೊಂಡರೋ! 1983ರ ಹೊಸ ಸಂಹಿತೆಯಲ್ಲಿ ಸೂತ್ರವಿಲ್ಲ. ಈಗ ಕೆಲವು ಎಳೆಯ ಹೆಂಗಸರು ಯಾರ ಕಟ್ಟಳೆಯೂ ಇಲ್ಲದೆ ಮಂತಿಲ್ಲಾವನ್ನು ತಾವಾಗಿಯೇ ಮತ್ತೆ ಹೊದೆಯುತ್ತಿರುವರು. ಅದನ್ನು ಹಾಸ್ಯಮಾಡುವವರ ಪಕ್ಷವು ನಮ್ಮದಲ್ಲ. ಬಟ್ಟೆಯ ಲೆಕ್ಕವು ಹೀಗಾಯಿತು. ಮಾತಿನ ಲೆಕ್ಕವು ತಡವಾಯಿತು. ಪೂಜಾಕಾಲದಲ್ಲಿ ಶಾಸ್ತ್ರಪಾಠವನ್ನು ಸ್ತ್ರೀಯರು ಎಷ್ಟೋ ವರ್ಷಗಳಿಂದ ಓದುತ್ತಿದ್ದರೂ, ಪಾಠಕರೆಂಬ ವಿಧ್ಯುಕ್ತವಾದ ಪದವಿಯು ಗಂಡಸರಿಗೆ ಮಾತ್ರ ಮೀಸಲಾಗಿತ್ತು. ಪೋಪ್ ಫ್ರಾನ್ಸಿಸರು ಅದನ್ನು ಸ್ತ್ರೀಯರಿಗೂ ತೆರೆದದ್ದು 2021ರ ಜನವರಿಯಲ್ಲಿ.