ಹಳೆ ಜೀಪಿಗೆ ದಂಡ, ಹೊಸ ಕಾರಿಗೆ ದಾಸೋಹ



ಕಳೆದ ಶ್ರಾವಣದಲ್ಲಿ ಒಂದು ಮಠಕ್ಕೆ ಹೋಗಿದ್ದೆ. ಅಂಗಳದಲ್ಲಿ ಹೊಸ ಕಾರಿನ ಪೂಜೆ ನಡೆಯುತ್ತಿತ್ತು. ಕಾರಿನ ಬೆಲೆ ಇಪ್ಪತ್ತೈದು ಲಕ್ಷದ ಮೇಲೆ ಎಂದು ಪಕ್ಕದಲ್ಲಿದ್ದವರು ಕಿವಿಯಲ್ಲಿ ಹೇಳಿದರು. ಚಕ್ರದ ಕೆಳಗೆ ನಿಂಬೆಹಣ್ಣು, ಬಾನೆಟ್ಟಿನ ಮೇಲೆ ಚೆಂಡುಹೂವಿನ ಹಾರ. (ನಿಂಬೆಹಣ್ಣಿನ ವಿಚಾರ ಇನ್ನೊಂದು ಲೇಖನಕ್ಕಿರಲಿ.) ಕಾರಿನ ಒಡೆಯರು ಸಂತೋಷದಿಂದ ನನಗೆ ಹೇಳಿದರು: "ಶೆಡ್ಡಿನಲ್ಲಿ ನಾಲ್ಕು ವರ್ಷದಿಂದ ಹಳೆ ಕಾರು ನಿಂತಿತ್ತು ಗುರುಗಳೇ. ಅದನ್ನು ಗುಜರಿಗೆ ಹಾಕಿದೆ, ಸರ್ಕಾರ ಹೊಸದರ ತೆರಿಗೆಯಲ್ಲಿ ರಿಯಾಯಿತಿ ಕೊಟ್ಟಿತು. ಪರಿಸರಕ್ಕೂ ಸೇವೆಯಾಯಿತು."

ನಾಲ್ಕು ವರ್ಷ ಶೆಡ್ಡಿನಲ್ಲಿ ನಿಂತ ಕಾರು ಎಷ್ಟು ಹೊಗೆ ಬಿಟ್ಟಿತ್ತು? ಕೇಳಬೇಕೆನಿಸಿತು, ಕೇಳಲಿಲ್ಲ. ಎಲ್ಲರ ಜೊತೆ ಪ್ರಸಾದ ಮಾಡಿ ಹೊರಟೆ. ಅಲ್ಲಿ ನುಂಗಿಕೊಂಡ ಮಾತನ್ನು ಇಲ್ಲಿ ಆಡುತ್ತಿದ್ದೇನೆ.

ನಾನು ಕೊಡ್ಲಿಪೇಟೆ ಕಡೆಯವನು, ಮೇಷ್ಟ್ರಾಗಿ ಕರಿಕೆಗೆ ಬಂದವನು, ನಿವೃತ್ತಿಯಾದ ಮೇಲೂ ಇಲ್ಲೇ ಉಳಿದವನು. ಕರಿಕೆ ಕೊಡಗಿನ ಪಶ್ಚಿಮದ ಅಂಚು. ಆಚೆಗೆ ಕೇರಳದ ಪಾಣತ್ತೂರು; ಈಚೆಗೆ ಘಟ್ಟ ಹತ್ತಿ ಕಾಡು ದಾಟಿದರೆ ಭಾಗಮಂಡಲ, ಅಲ್ಲಿಂದ ಮುಂದೆ ಮಡಿಕೇರಿ. ರಬ್ಬರ್, ಅಡಿಕೆ, ಕರಿಮೆಣಸು ನಮ್ಮವರ ಜೀವನ. ಬಸ್ಸುಗಳು ಬೆರಳೆಣಿಕೆಯಷ್ಟು. ಮಳೆಗಾಲದಲ್ಲಿ ಬರೆ ಜರಿದರೆ ಅದೂ ಇಲ್ಲ. ನಮ್ಮ ನೆರೆಯವರ ಹತ್ತಿರ ಇಪ್ಪತ್ತು ವರ್ಷ ದಾಟಿದ ಒಂದು ಡೀಸೆಲ್ ಜೀಪು ಇದೆ. ರಬ್ಬರ್ ಶೀಟು, ಗೊಬ್ಬರದ ಮೂಟೆ, ನಡುರಾತ್ರಿ ಹೆರಿಗೆ ನೋವು ಬಂದ ಹೆಣ್ಣುಮಗಳು, ಹಾವು ಕಚ್ಚಿದ ಕೂಲಿಯವನು, ಎಲ್ಲರೂ ಹೋಗುವುದು ಅದರಲ್ಲೇ. ಮಣ್ಣಿನ ಏರಿನಲ್ಲಿ ಕೆಸರು ತುಂಬಿದಾಗ ಹತ್ತುವುದು ಅದೊಂದೇ. ಹೆಚ್ಚಿನವರಿಂದ ಆತ ಡೀಸೆಲ್ ಖರ್ಚಿಗಿಂತ ಮೇಲೆ ಒಂದು ರೂಪಾಯಿ ತೆಗೆದುಕೊಂಡದ್ದನ್ನು ನಾನು ನೋಡಿಲ್ಲ.

ಆತ ಲಿಂಗಾಯತನಲ್ಲ. ಇಷ್ಟಲಿಂಗ ಕಟ್ಟಿದವನಲ್ಲ, ಕಾಯಕ ಎಂಬ ಪದವನ್ನು ಕೇಳಿದ್ದಾನೋ ಇಲ್ಲವೋ. ಮಾಡುತ್ತಿರುವುದು ಮಾತ್ರ ಕಾಯಕ.

ಇನ್ನು ಸರ್ಕಾರದ ಲೆಕ್ಕಕ್ಕೆ ಬರೋಣ. ಹಳೆ ವಾಹನಗಳನ್ನು ಗುಜರಿಗೆ ಕಳಿಸುವ ನೀತಿಯನ್ನು ಕೇಂದ್ರ ಸರ್ಕಾರ 2021ರ ಬಜೆಟ್ಟಿನಲ್ಲಿ ಘೋಷಿಸಿತು; ಅದೇ ವರ್ಷ ಆಗಸ್ಟ್ 13ರಂದು ಪ್ರಧಾನಿ ಅದಕ್ಕೆ ಚಾಲನೆ ಕೊಟ್ಟರು. ಅದರ ಪ್ರಕಾರ ಮಾನ್ಯತೆ ಪಡೆದ ಗುಜರಿ ಕೇಂದ್ರಕ್ಕೆ ಹಳೆ ಗಾಡಿ ಒಪ್ಪಿಸಿದರೆ ಒಂದು ಪ್ರಮಾಣಪತ್ರ ಸಿಗುತ್ತದೆ. ಗುಜರಿ ಬೆಲೆಯಾಗಿ ಹೊಸ ಗಾಡಿಯ ಷೋರೂಂ ಬೆಲೆಯ ಶೇ. 4ರಿಂದ 6ರಷ್ಟು ಸಿಗಬಹುದು. ಹೊಸ ಗಾಡಿ ಕೊಳ್ಳುವಾಗ ಪ್ರಮಾಣಪತ್ರ ತೋರಿಸಿದರೆ ನೋಂದಣಿ ಶುಲ್ಕ ಮಾಫಿ, ಸ್ವಂತ ವಾಹನಕ್ಕೆ ತೆರಿಗೆಯಲ್ಲಿ ಶೇ. 25ರವರೆಗೆ, ಬಾಡಿಗೆ ವಾಹನಕ್ಕೆ ಶೇ. 15ರವರೆಗೆ ರಿಯಾಯಿತಿ. ಆ ಮಿತಿಯೊಳಗೆ ಎಷ್ಟು ಕೊಡಬೇಕೆಂಬುದು ರಾಜ್ಯಗಳಿಗೆ ಬಿಟ್ಟದ್ದು. ತಯಾರಕರೂ ಶೇ. 5ರಷ್ಟು ಬಿಡಲಿ ಎಂಬ ಸಲಹೆಯೂ ಇದೆ.

ಇದು ಒಂದು ಕೈ ಕೊಡುವುದು. ಇನ್ನೊಂದು ಕೈ ಕಿತ್ತುಕೊಳ್ಳುವುದನ್ನು ನೋಡಿ. 15 ವರ್ಷ ದಾಟಿದ ಕಾರು, ಜೀಪುಗಳ ನೋಂದಣಿ ನವೀಕರಣಕ್ಕೆ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯಿತು. ತಡವಾದರೆ ತಿಂಗಳಿಗೆ 500 ದಂಡ. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದವಕ್ಕೆ ಅದು 10,000ಕ್ಕೆ ಏರಿತು. ಬೈಕಿಗೂ 300 ಇದ್ದದ್ದು ಮೊದಲು ಸಾವಿರ, 20 ವರ್ಷ ದಾಟಿದರೆ ಈಗ ಎರಡು ಸಾವಿರ.

ನೆರೆಯವನಿಗೆ ಇದನ್ನೆಲ್ಲ ಓದಿ ಹೇಳಿದೆ. ಆತ ಕೇಳಿದ್ದು ಒಂದೇ ಪ್ರಶ್ನೆ: "ಹಳೆಯದು ಕೊಟ್ಟು ಹೊಸದು ತಗೊಳ್ಳದಿದ್ದರೆ ನನಗೇನು ಕೊಡ್ತಾರೆ ಮಾಷೇ?" ಗುಜರಿ ಬೆಲೆ, ಅಷ್ಟೇ. ಹತ್ತು ಲಕ್ಷದ ಗಾಡಿಯ ಲೆಕ್ಕದಲ್ಲಿ ನಲವತ್ತರಿಂದ ಅರವತ್ತು ಸಾವಿರ. ಓಡುವ ಜೀಪಿಗೆ ಮಲೆನಾಡಿನಲ್ಲಿ ಯಾರೂ ಅದಕ್ಕಿಂತ ಹೆಚ್ಚು ಕೊಡುತ್ತಾರೆ. ಪ್ರಮಾಣಪತ್ರವನ್ನು ಬೇರೆಯವರಿಗೆ ಮಾರಬಹುದು ಎನ್ನುತ್ತದೆ ನಿಯಮ. ಸರಿ, ಆದರೆ ಅದನ್ನು ಕೊಳ್ಳುವವನೂ ಹೊಸ ಕಾರು ಕೊಳ್ಳುವವನೇ.

ಅಂದರೆ ರಿಯಾಯಿತಿ ಇರುವುದು ಹೊಗೆ ಕಡಿಮೆ ಮಾಡಿದವನಿಗಲ್ಲ, ಖರೀದಿ ಮಾಡಿದವನಿಗೆ. ಶೇಕಡಾವಾರು ಲೆಕ್ಕದ ಗುಣವೇ ಅದು. ಒಂದು ಲಕ್ಷ ತೆರಿಗೆ ಕಟ್ಟುವವನಿಗೆ ಶೇ. 25 ಎಂದರೆ 25 ಸಾವಿರ. ನಾಲ್ಕು ಲಕ್ಷ ಕಟ್ಟುವವನಿಗೆ ಪೂರ್ತಿ ಒಂದು ಲಕ್ಷ. ಕಾರು ದೊಡ್ಡದಾದಷ್ಟೂ ಭಿಕ್ಷೆ ದೊಡ್ಡದು. ಆ ಹಣ ಎಲ್ಲಿಂದ ಬರುತ್ತದೆ? ಬೆಂಕಿಪೊಟ್ಟಣ ಕೊಳ್ಳುವವಳೂ ತೆರಿಗೆ ಕಟ್ಟುವ ಬೊಕ್ಕಸದಿಂದ.

ನನ್ನನ್ನು ಹೊಗೆಯ ಪರ ಎಂದು ತಿಳಿಯಬೇಡಿ. ಹಳೆ ಡೀಸೆಲ್ ಎಂಜಿನ್ನಿನ ಮಸಿ ಶ್ವಾಸಕೋಶಕ್ಕೆ ವಿಷ, ಸಂಶಯವಿಲ್ಲ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಗಾಡಿಗಳು ಲೀಟರಿಗೆ ಉಗುಳುವ ಮಸಿ ಬಹಳ ಕಡಿಮೆ, ಇಂಧನದಲ್ಲಿನ ಗಂಧಕವೂ ದಶಲಕ್ಷಕ್ಕೆ 50 ಭಾಗದಿಂದ 10ಕ್ಕೆ ಇಳಿಯಿತು. ಬೆಂಗಳೂರಿನ ಸಿಗ್ನಲ್‌ನಲ್ಲಿ ದಿನವಿಡೀ ನಿಲ್ಲುವ ಹಳೆ ಲಾರಿ ಹೋಗಲೇಬೇಕು. ಕಾನೂನಿನ ಅಕ್ಷರವೂ ವಯಸ್ಸಾಯಿತೆಂದು ಖಾಸಗಿ ಗಾಡಿಯನ್ನು ಗುಜರಿಗೆ ಹಾಕು ಎನ್ನುವುದಿಲ್ಲ. ಕ್ಷಮತಾ ಪರೀಕ್ಷೆಯಲ್ಲಿ ಸೋತರೆ ಮಾತ್ರ ಎನ್ನುತ್ತದೆ. ದೆಹಲಿಯ ಮಾತು ಬೇರೆ. ನನ್ನ ತಕರಾರು ಇಷ್ಟೇ: ಪರೀಕ್ಷೆ ಹೊಗೆಯದ್ದಾದರೆ ಶುಲ್ಕವೇಕೆ ವಯಸ್ಸಿನದ್ದು? ಪರೀಕ್ಷೆಯಲ್ಲಿ ಪಾಸಾದ ಜೀಪಿಗೂ ಹತ್ತು ಸಾವಿರ ಏಕೆ?

ಇಂಧನದ ಲೆಕ್ಕವನ್ನೂ ಮಾಡೋಣ. ಜೀಪು ವಾರಕ್ಕೆ ನೂರು ಕಿಲೋಮೀಟರ್ ಓಡುತ್ತದೆ, ಲೀಟರಿಗೆ ಹತ್ತು ಎಂದಿಟ್ಟುಕೊಳ್ಳಿ. ವರ್ಷಕ್ಕೆ 520 ಲೀಟರ್. ಹೊಸ ದೊಡ್ಡ ಕಾರು ಲೀಟರಿಗೆ ಹದಿನಾರು ಕೊಟ್ಟರೂ ಮದುವೆ, ಸಭೆ, ಜಾತ್ರೆ, ಬೆಂಗಳೂರು ಎಂದು ವಾರಕ್ಕೆ ಎಂಟುನೂರು ಕಿಲೋಮೀಟರ್ ಓಡಿದರೆ ವರ್ಷಕ್ಕೆ 2,600 ಲೀಟರ್. ಐದು ಪಟ್ಟು ಸುಟ್ಟವನು ಪರಿಸರ ಸೇವಕ, ಒಂದು ಪಟ್ಟು ಸುಟ್ಟವನು ಅಪರಾಧಿ. ಹೊಸ ಕಾರಿನ ಉಕ್ಕು, ಗಾಜು, ರಬ್ಬರ್ ಮಾಡಲು ಸುಟ್ಟ ಕಲ್ಲಿದ್ದಲನ್ನು ನಾನು ಈ ಲೆಕ್ಕಕ್ಕೆ ತಂದೇ ಇಲ್ಲ.

ಇಂಥ ಯೋಜನೆ ನಮ್ಮಲ್ಲೇ ಮೊದಲಲ್ಲ. 2009ರಲ್ಲಿ ಜರ್ಮನಿ ಒಂಬತ್ತು ವರ್ಷ ದಾಟಿದ ಕಾರು ಬಿಟ್ಟು ಹೊಸದು ಕೊಂಡವರಿಗೆ 2,500 ಯೂರೋ ಕೊಟ್ಟಿತು. ಅದೇ ವರ್ಷ ಅಮೆರಿಕ 300 ಕೋಟಿ ಡಾಲರ್ ಸುರಿದು ಸುಮಾರು 6.77 ಲಕ್ಷ ಹಳೆ ಕಾರುಗಳನ್ನು ತೆಗೆಸಿತು. ಮೈಲೇಜಿನ ಷರತ್ತು ಇತ್ತು, ಒಪ್ಪೋಣ. ಆದರೆ ಆ ಕಾರುಗಳ ಎಂಜಿನ್ನಿಗೆ ಸೋಡಿಯಂ ಸಿಲಿಕೇಟ್ ದ್ರಾವಣ ಸುರಿದು, ಜಾಮ್ ಆಗಿ ಸಾಯುವವರೆಗೂ ಓಡಿಸಬೇಕೆಂಬ ನಿಯಮವಿತ್ತು, ಯಾರೂ ಮತ್ತೆ ಬಳಸದಂತೆ. ಅದನ್ನು ಓದಿದಾಗ ನನಗೆ ನಮ್ಮ ಊರಿನ ಮೆಕ್ಯಾನಿಕ್ ಹುಡುಗ ನೆನಪಾದ. ಅವನು ಕಾರ್ಬೊರೇಟರ್ ಬಿಚ್ಚಿ ತೊಳೆದು ಜೋಡಿಸುವುದನ್ನು ನೋಡಿದರೆ ಅದೂ ಪೂಜೆಯಂತೆಯೇ ಕಾಣುತ್ತದೆ. ಆ ಮಾರಾಟದಲ್ಲಿ ಹೆಚ್ಚಿನದು ಹೇಗೂ ಆಗಬೇಕಿದ್ದದ್ದು, ಕೆಲವು ತಿಂಗಳು ಮೊದಲೇ ಆಯಿತಷ್ಟೇ ಎಂದು ಆಮೇಲೆ ಅಲ್ಲಿನ ಅರ್ಥಶಾಸ್ತ್ರಜ್ಞರೇ ಲೆಕ್ಕ ಹಾಕಿದರು.

ಇನ್ನೊಂದು ಸಂಗತಿ ಹಳ್ಳಿಗೆ ನೇರ ತಟ್ಟುವಂಥದ್ದು. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ರದ್ದು. ಸಾರಿಗೆ ನಿಗಮಗಳ ಬಸ್ಸುಗಳೂ ಅದರಲ್ಲಿ ಸೇರಿವೆ. ಹಳೆ ಬಸ್ಸು ಹೋಗಲಿ, ಆದರೆ ಹೋದದ್ದರ ಜಾಗಕ್ಕೆ ಅದೇ ದಾರಿಯಲ್ಲಿ ಹೊಸದು ಬರಬೇಕಲ್ಲ? ಆ ವರ್ಷ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು, ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣ, ಬಹಳ ಒಳ್ಳೆಯದು. ಬಸ್ಸೇ ಬಾರದ ದಾರಿಯಲ್ಲಿ ಉಚಿತ ಟಿಕೆಟ್ಟನ್ನು ಏನು ಮಾಡುವುದು?

ಸರ್ಕಾರವನ್ನು ಬೈದು ಕೈ ತೊಳೆದುಕೊಳ್ಳುವುದು ಸುಲಭ. ನಾನು ಬರೆಯುತ್ತಿರುವುದು ಮಠಗಳಲ್ಲಿ ಓದುವ ಪತ್ರಿಕೆಗೆ, ಹಾಗಾಗಿ ನಮ್ಮ ಅಂಗಳದ ಮಾತಿಗೆ ಬರಲೇಬೇಕು. ದಾಸೋಹಕ್ಕೆ ಷರತ್ತಿಲ್ಲ. ಸಿದ್ಧಗಂಗೆಯಲ್ಲಿ ಊಟಕ್ಕೆ ಕೂತ ಮಗುವನ್ನು ನಿನ್ನ ಜಾತಿ ಯಾವುದು ಎಂದು ಕೇಳುವುದಿಲ್ಲ. ಮೊದಲು ಹೊಸ ತಟ್ಟೆ ಕೊಂಡು ತಾ, ಆಮೇಲೆ ಅನ್ನಕ್ಕೆ ರಿಯಾಯಿತಿ ಎಂದೂ ಹೇಳುವುದಿಲ್ಲ. ಆಯ್ದಕ್ಕಿ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅವನನ್ನು ತಡೆದು, ಹೆಚ್ಚಿನದನ್ನು ಮರಳಿ ಅಲ್ಲೇ ಹಾಕಿ ಬರಲು ಕಳಿಸಿದಳು. ಆ ಕಥೆಯನ್ನು ಪ್ರತಿ ಬಸವ ಜಯಂತಿಯ ವೇದಿಕೆಯಲ್ಲೂ ಹೇಳುತ್ತೇವೆ. ಹೇಳಿದವರು ವೇದಿಕೆ ಇಳಿದು ಹತ್ತುವ ಕಾರು ಯಾವುದು? ಜಂಗಮ ಎಂದರೆ ಸಂಚರಿಸುವವನು, ನಿಜ. ಸಂಚಾರಕ್ಕೆ ವಾಹನ ಬೇಕು, ಅದೂ ನಿಜ. ಆದರೆ ನಾಲ್ಕು ವರ್ಷಕ್ಕೊಮ್ಮೆ ಭಕ್ತರು ಹೊಸದನ್ನು ತಂದು ಸಮರ್ಪಿಸುವುದು, ಪಕ್ಕದ ಮಠದ್ದಕ್ಕಿಂತ ಇದು ದೊಡ್ಡದು ಎಂದು ಪಿಸುಗುಟ್ಟುವುದು ಯಾವ ಶರಣರು ಕಲಿಸಿದ್ದು? ಅಂದು ಆ ಪೂಜೆಯಲ್ಲಿ ಸುಮ್ಮನೆ ನಿಂತ ನನಗೂ ಈ ಪ್ರಶ್ನೆ ಅಂಟಿದೆ.

ಸರ್ಕಾರವನ್ನು ನಾವು ಕೇಳಬೇಕಾದದ್ದು ಕಷ್ಟದ್ದೇನಲ್ಲ. ಶುಲ್ಕ ವಯಸ್ಸಿಗಲ್ಲ, ಹೊಗೆಗೆ ಇರಲಿ. ರಿಯಾಯಿತಿ ಕಾರಿನ ಬೆಲೆಯ ಜೊತೆ ಏರದೆ ಒಂದೇ ಮೊತ್ತವಾಗಿರಲಿ. ಹೊಸದು ಕೊಳ್ಳಲಾಗದವನು ಅದೇ ಮೊತ್ತವನ್ನು ಬಸ್ ಪಾಸಾಗಿಯೋ, ಬಳಸಿದ ಬಿಎಸ್-6 ಗಾಡಿ ಕೊಳ್ಳಲೋ ಪಡೆಯುವಂತಾಗಲಿ. ಗುಜರಿಗೆ ಹೋದ ಪ್ರತಿ ಬಸ್ಸಿನ ದಾರಿಗೆ ಇನ್ನೊಂದು ಬಸ್ಸು ಬರಲಿ.

ನಮ್ಮನ್ನು ನಾವು ಕೇಳಿಕೊಳ್ಳಬೇಕಾದದ್ದು ಸ್ವಲ್ಪ ಕಷ್ಟದ್ದು. ಓಡುವ ಕಾರಿರುವ ಮಠ ಹತ್ತು ವರ್ಷ ಹೊಸ ಕಾರಿನ ಕಾಣಿಕೆ ಸ್ವೀಕರಿಸಬಾರದು. ಭಕ್ತರು ಕೊಡಲೇಬೇಕೆಂದರೆ ಆ ಹಣದಲ್ಲಿ ಬಸ್ಸಿಲ್ಲದ ಊರಿಗೆ ಒಂದು ಆಂಬುಲೆನ್ಸ್ ಜೀಪು ಕೊಡಲಿ, ಅದರ ಮೇಲೆ ಯಾರ ಹೆಸರೂ ಬೇಡ.

ಮುಂದಿನ ಶರಣ ಸಂಗಮದಲ್ಲಿ ಈ ಎರಡು ಠರಾವುಗಳನ್ನು ನಾನೇ ಮಂಡಿಸುತ್ತೇನೆ. ಮೊದಲನೆಯದನ್ನು ಅನುಮೋದಿಸಲು ಬಹಳ ಜನ ಒಪ್ಪಿದ್ದಾರೆ. ಎರಡನೆಯದಕ್ಕೆ ಇನ್ನೂ ಒಬ್ಬರು ಬೇಕಾಗಿದ್ದಾರೆ.